ಕಮಲಾಪುರಕ್ಕೆ ನಾನೊಯ್ದ ಸಿಹಿಸುದ್ದಿ

ನಿಜಾಮರ ಆಳ್ವಿಕೆಯ ಕಾಲ. ಕಲಬುರಗಿಯ ಕಚೇರಿಯೊಂದರಲ್ಲಿ ನಾನು ಉರ್ದು ಗುಮಾಸ್ತ. ಎಂಥ ಕೆಟ್ಟ ಕೈಬರಹವನ್ನಾದರೂ ಓದುತ್ತಿದ್ದೆ. ಅಂಥವನಿಗೆ ಹೆಂಡತಿಯ ಮುಖ ಓದುವುದು ಯಾವ ಮಹಾ ಕೆಲಸ!

ಅದೇ ಊರಿನ ಗಾಜಿಪುರ ಬಡಾವಣೆಯಲ್ಲಿ ಮನೆ ಹೂಡಿ ಮೂರು ತಿಂಗಳಾಗಿತ್ತು. ಅದರಲ್ಲಿ ಎರಡು ತಿಂಗಳು ನಾನು ಸಾಹೇಬರ ಹಿಂದೆ ಊರೂರು ತಿರುಗಿದ್ದೆ. ಮನೆಗೆ ಬಂದ ಮರುದಿನ ನೋಡಿದರೆ, ಹೆಂಡತಿ ಶರಣಮ್ಮ ಹುಣಸೆಹಣ್ಣಿಗೆ ಉಪ್ಪು ಹಚ್ಚಿ ಚಪ್ಪರಿಸುತ್ತಿದ್ದಳು.

ಊಟಕ್ಕೆ ಕೂತು, "ಇವತ್ತು ರೊಟ್ಟಿ ಚೊಲೋ ಆಗ್ಯಾವ" ಎಂದೆ.

"ಅಂದ್ರ ನಿನ್ನಿ ರೊಟ್ಟಿ ಕೆಟ್ಟಿದ್ವೇನ್ರೀ?"

ಸಿಡುಕಿದಳು. ಮರುಕ್ಷಣ ಅತ್ತಳು. ಆಮೇಲೆ ಮೂಗೊರೆಸಿಕೊಂಡು, "ನಮ್ಮೂರ ಕೆಂಪು ಬಾಳೆಹಣ್ಣು ತಿನ್ನಬೇಕು ಅನಸಾಕತ್ತದ್ರೀ" ಎಂದಳು.

ಹುಳಿ, ಅಳು, ಬಾಳೆಹಣ್ಣು. ಬಸುರಿಯ ಬಯಕೆಯಲ್ಲದೆ ಇನ್ನೇನು!

ಹಣ್ಣು ತರುತ್ತೇನೆಂದಷ್ಟೇ ಹೇಳಿ, ಮರುದಿನ ಗಾಡಿ ಹತ್ತಿ ಅವಳ ತವರು ಕಮಲಾಪುರಕ್ಕೆ ಹೋದೆ. ಸುದ್ದಿ ಕೇಳಿ ಅತ್ತೆ ಖುಷಿಯಿಂದ ಕಣ್ಣೊರೆಸಿಕೊಂಡರು. ನಾನು ಕೈಕಾಲು ತೊಳೆಯುವಷ್ಟರಲ್ಲಿ ಓಣಿಗೆಲ್ಲ ಗೊತ್ತಾಗಿತ್ತು. ಮರುದಿನ ಗಾಡಿಯಲ್ಲಿ ಬಾಳೆಗೊನೆ, ಕೋಡಬಳೆ, ಹಸಿರು ಸೀರೆ, ಅತ್ತೆ, ಮಾವ. ಉಳಿದ ಜಾಗದಲ್ಲಿ ನಾನು, ಅಪ್ಪನಾಗಲಿರುವವನ ಗಾಂಭೀರ್ಯದಲ್ಲಿ!

ಬಾಗಿಲು ತೆರೆದ ಶರಣಮ್ಮನನ್ನು ಅತ್ತೆ ಬಾಚಿ ತಬ್ಬಿಕೊಂಡರು.

"ಎಷ್ಟು ತಿಂಗಳಾದ್ವು ತಂಗಿ?"

"ಏನು ತಿಂಗಳವ್ವಾ? ಇವತ್ತ ಮುಂಜಾನಿ ಮುಟ್ಟಾಗೀನಿ!"

ಅತ್ತೆ ನಿಧಾನವಾಗಿ ನನ್ನ ಕಡೆ ತಿರುಗಿದರು. "ಹುಳಿ ತಿಂದಳು, ಸಿಡುಕಿದಳು, ಅತ್ತಳು. ಇಷ್ಟೇ ಹೌದಿಲ್ಲೋ ಅಳಿಯಾರ?"

"ಹೌದ್ರೀ ಅತ್ತಿ."

"ಮುಟ್ಟಾಗೂಕಿಂತ ಮೊದಲು ನಾಲ್ಕು ದಿನ ಆಕಿ ಹಿಂಗs ಇರ್ತಾಳ. ನಾನೂ ಹಿಂಗs ಇದ್ದೆ. ಭಾಳ ಮಂದಿ ಹೆಣ್ಮಕ್ಕಳಿಗೆ ಹಿಂಗs ಆಗ್ತದ!"

ಭೂಮಿ ಬಾಯಿ ಬಿಡಲಿಲ್ಲ. ನಾನು ಮಾವನ ಬೆನ್ನ ಹಿಂದೆ ಸರಿದೆ. ಅವರು ಮೆಲ್ಲಗೆ, "ಚಿಂತಿ ಮಾಡಬ್ಯಾಡ್ರಿ. ಇದಕ್ಕs ನಾನು ಎರಡು ಸಲ ಊರಿಗೆಲ್ಲ ಸಕ್ರಿ ಹಂಚೀನಿ" ಎಂದರು.

ಶರಣಮ್ಮನಿಗೆ ಕೇಳಿಸಿಬಿಟ್ಟಿತು. ನೋಯುವ ಹೊಟ್ಟೆ ಹಿಡಿದುಕೊಂಡೇ, ಗೋಡೆಗೆ ಒರಗಿ ಬಿದ್ದುಬಿದ್ದು ನಕ್ಕಳು. ಹಣ್ಣು ಸುಲಿದು ಅರ್ಧ ನನ್ನ ಕೈಗಿಟ್ಟಳು. ಆ ನಗು ಈ ವಯಸ್ಸಿನಲ್ಲೂ ನನಗೆ ಕೇಳಿಸುತ್ತದೆ.

ಎರಡು ವರ್ಷದ ಮೇಲೆ ಅವಳು ನಿಜವಾಗಿಯೂ ಬಸುರಾದಳು. ಮತ್ತೆ ಕಮಲಾಪುರಕ್ಕೆ ಓಡಿ ಸುದ್ದಿ ಹೇಳಿದೆ. ಅತ್ತೆ ಬೀಸುವ ಕಲ್ಲಿನಿಂದ ತಲೆಯನ್ನೇ ಎತ್ತಲಿಲ್ಲ.

"ಆಕಿ ಹೇಳ್ಯಾಳೋ, ನೀವs ಹೇಳಾಕತ್ತೀರೋ?"