ಮಗುವನ್ನು ಮಲಗಿಸಿದ ಕೀರ್ತಿ ಹೊತ್ತ ಪಾತ್ರೆಗೆ

ನಮ್ಮ ಅಡುಗೆಮನೆಯ ಎಡಗಡೆ ಒಲೆಯ ಮೇಲೆ ಹನ್ನೊಂದು ದಿನಗಳಿಂದ ಬೀಡುಬಿಟ್ಟಿರುವ ಎರಕದ ಕಬ್ಬಿಣದ ದಪ್ಪ ಪಾತ್ರೆಯವರ ಸನ್ನಿಧಿಗೆ,

ಮಾನ್ಯರೇ,

ತಾವೂ ತಮ್ಮ ಮುಚ್ಚಳವೂ ಕ್ಷೇಮವೆಂದು ಭಾವಿಸಿ, ಏಳು ತಿಂಗಳಿಂದ ಒಟ್ಟಿಗೆ ಮೂರು ಗಂಟೆ ನಿದ್ದೆ ಕಾಣದ ತಾಯಿಯೊಬ್ಬಳು ಕೈಮುಗಿದು ಬರೆಯುತ್ತಿರುವ ದೂರು ಇದು. ನಡುವೆ ಎಲ್ಲಾದರೂ ವಾಕ್ಯ ತೂಕಡಿಸಿದರೆ ದೊಡ್ಡ ಮನಸ್ಸಿನಿಂದ ಮನ್ನಿಸಬೇಕು.

ತಾವು ಈ ಮನೆಗೆ ಬಂದದ್ದು ನನ್ನ ನಾದಿನಿಯ ಉಡುಗೊರೆಯಾಗಿ. ಒಳಗೆ ಅವಳೇ ಬರೆದಿಟ್ಟ ಚೀಟಿಯೊಂದಿತ್ತು: ಫ್ರೆಂಚರ ಶೈಲಿಯ ಕೋಳಿ ಸ್ಟ್ಯೂ, ತುಂಬಾ ಸುಲಭ. ಈರುಳ್ಳಿ, ಕ್ಯಾರೆಟ್, ಅಣಬೆಗಳನ್ನು ಬೆಣ್ಣೆಯಲ್ಲಿ ಬಾಡಿಸಿ, ಕೋಳಿ ಸೇರಿಸಿ, ಪರಿಮಳದ ಎಲೆಗಳನ್ನು ತೆಳುಬಟ್ಟೆಯಲ್ಲಿ ಗಂಟು ಕಟ್ಟಿ ಇಳಿಬಿಟ್ಟು, ಸಣ್ಣ ಉರಿಯಲ್ಲಿ ಎರಡು ಗಂಟೆ ಇಡುವುದು. ಕೊನೆಗೆ ಅಡಿಗೆರೆ ಎಳೆದು, "ಮುಚ್ಚಳ ತೆಗೀಬೇಡಿ ಅತ್ತಿಗೆ, ಒಲೆ ಬಿಟ್ಟು ಅಲ್ಲಾಡಲೂಬೇಡಿ" ಎಂದು ಬರೆದಿದ್ದಳು. ಮನೆಯ ತೆಳುಬಟ್ಟೆಗಳೆಲ್ಲ ಮಗುವಿನ ಸೇವೆಯಲ್ಲಿದ್ದುದರಿಂದ ಒಗೆದಿಟ್ಟ ಪುಟ್ಟ ಕಾಲುಚೀಲವೊಂದರಲ್ಲಿ ಎಲೆ ತುಂಬಿದೆ. ಅದು ಮಾವನವರ ತಟ್ಟೆಗೇ ಬಂತು. ಅವರು ಅದನ್ನು ಚಮಚದಲ್ಲಿ ಎತ್ತಿ ಹಿಡಿದು, "ಇದರ ಜೋಡಿ ಯಾರ ತಟ್ಟೇಲಿದೆಯಮ್ಮಾ?" ಎಂದಷ್ಟೇ ಕೇಳಿದರು.

ಆದರೆ ಅಂದು ಕಾಲುಚೀಲಕ್ಕಿಂತ ದೊಡ್ಡದೊಂದು ಘಟನೆ ನಡೆದಿತ್ತು. ಚೀಟಿಯ ಆಜ್ಞೆಯಂತೆ ನಾನು ಮಗುವನ್ನು ಮಡಿಲಲ್ಲಿಟ್ಟುಕೊಂಡು ಒಲೆಯ ಪಕ್ಕದ ಸ್ಟೂಲಿನಲ್ಲಿ ಕೂತಿದ್ದೆ. ತಮ್ಮ ಮುಚ್ಚಳ ಟಪ್... ಟಪ್... ಎಂದು ನಿಧಾನವಾಗಿ ತಟ್ಟತೊಡಗಿತು. ಹಗಲಲ್ಲಿ ಕಾಲು ಗಂಟೆಗಿಂತ ಹೆಚ್ಚು ಕಣ್ಣು ಮುಚ್ಚದ ನನ್ನ ಮಗಳು ಎರಡು ಗಂಟೆ ಮಲಗಿಬಿಟ್ಟಳು. ಜೋಗುಳ, ತೊಟ್ಟಿಲು, ಹೆಗಲ ಮೇಲೆ ಹಾಕಿಕೊಂಡು ಮನೆಯುದ್ದಕ್ಕೂ ನಡೆದ ನನ್ನ ಮೈಲಿಗಟ್ಟಲೆ ದಾರಿ, ಎಲ್ಲವನ್ನೂ ಸೋಲಿಸಿದವರು ತಾವು. ಪದವಿ ಓದಿದವಳು ನಾನು. ಕೆಲಸ ಸಿಕ್ಕಿದ್ದು ತಮಗೆ.

ಅಂದಿನಿಂದ ಪ್ರತಿ ಮಧ್ಯಾಹ್ನ ಸ್ಟ್ಯೂ. ಮೂರನೆಯ ದಿನ ಯಜಮಾನರು "ಇವತ್ತೂ ಅದೇನಾ?" ಎಂದರು, ಆರನೆಯ ದಿನದಿಂದ ಕೇಳುವುದನ್ನೇ ಬಿಟ್ಟು ತಟ್ಟೆಗೆ ತಲೆಬಾಗಿದರು. ಹಲ್ಲಿಗೆ ಕೆಲಸ ಕೊಡುವ ಏನಾದರೂ ಮಾಡಬಾರದೇ ಎಂದು ಮಾವ ಅಂಗಲಾಚಿದರು. ಕೆಳಮನೆಯ ದರ್ಜಿಯಮ್ಮ ಮಾತ್ರ ನಾನು ಸ್ಟ್ಯೂ ತುಂಬಿ ಕಳಿಸಿದ್ದ ಡಬ್ಬಿ ಹಿಂತಿರುಗಿಸುತ್ತಾ, "ನಿಮ್ಮ ಪ್ರೀತಿ ದೊಡ್ಡದು, ನಮ್ಮ ಹೊಟ್ಟೆ ಚಿಕ್ಕದು" ಎಂದು ನಯವಾಗಿ ಬಾಗಿಲು ಹಾಕಿಕೊಂಡರು. ಬರೀ ನೀರು ಕುದಿಸಿ ನೋಡಿದೆ. ನೀರು ಬತ್ತಿಹೋದೀತೆಂದು ನಾಲ್ಕು ನಿಮಿಷಕ್ಕೊಮ್ಮೆ ಎದ್ದು ಇಣುಕುತ್ತಿದ್ದೆ, ಮಗಳು ಒಪ್ಪಲಿಲ್ಲ. ತಮ್ಮ ಸದ್ದನ್ನು ಫೋನಿನಲ್ಲಿ ಹಿಡಿದು, ಅದನ್ನು ಕೇಳಿಸುತ್ತಾ ಕೋಣೆಯಿಂದ ಕೋಣೆಗೆ ನಡೆದೆ. ಅವಳು ಇನ್ನೂ ಜೋರಾಗಿ ಅತ್ತಳು. ಅಸಲಿಗೂ ನಕಲಿಗೂ ವ್ಯತ್ಯಾಸ ಬಲ್ಲ ಕೂಸು ಎಂದು ತಮ್ಮ ಮೇಲಿನ ಭಕ್ತಿ ಇಮ್ಮಡಿಯಾಯಿತು.

ಸೋಮವಾರ ನಾನು ಗ್ರಂಥಾಲಯದ ಕೆಲಸಕ್ಕೆ ಮರಳಬೇಕು, ಮಗು ಅತ್ತೆಯವರ ಬಳಿ ಇರಬೇಕು. ಅವಳನ್ನು ಮಲಗಿಸಲು ನನಗೆ ಗೊತ್ತಿದ್ದ ದಾರಿ ತಾವೊಬ್ಬರೇ. ಆದ್ದರಿಂದ, ಮಗಳಿಗೆ ಚುಚ್ಚುಮದ್ದು ಹಾಕಿಸುವಾಗ ತಾವು ಜೊತೆಗೆ ಬರಬೇಕು, ಬಸ್ಸಿನಲ್ಲಿ ನನ್ನ ಮಡಿಲಲ್ಲಿ ಕುದಿಯಬೇಕು, ಅವಳ ಮದುವೆಯಾಗುವವರೆಗೆ ಉರಿ ಆರದಂತೆ ನೋಡಿಕೊಳ್ಳಬೇಕು ಎಂದೆಲ್ಲ ಕೋರಿ ಶುಕ್ರವಾರವೇ ಒಂದು ಮನವಿ ಬರೆದಿಟ್ಟಿದ್ದೆ. ಅದನ್ನು ಹರಿದು ಈ ದೂರು ಬರೆಯಲು ಕಾರಣ, ಶನಿವಾರ.

ಅಂದು ಪರೀಕ್ಷಾರ್ಥವಾಗಿ ತಮ್ಮನ್ನು ಒಲೆಗೇರಿಸಿ, ಮಗುವನ್ನು ಅತ್ತೆಯವರ ಕೈಗಿತ್ತು, ಚೀಟಿಯನ್ನು ಎರಡು ಸಲ ಓದಿ ಹೇಳಿ, ಕೆಲಸಕ್ಕೆ ಚಪ್ಪಲಿ ಕೊಳ್ಳಲು ಹೋದೆ. ಅಂಗಡಿಯವರು ಯಾವ ಅಳತೆ ಎಂದು ಕೇಳಿದರೆ ಏಳು ತಿಂಗಳು ಎಂದೆ. ಬೇಗನೆ ಓಡಿಬಂದು ನೋಡುತ್ತೇನೆ: ಒಲೆ ಆರಿದೆ, ಗ್ಯಾಸ್ ಮುಗಿದು ಒಂದು ಗಂಟೆಯಾಗಿದೆ, ತಮ್ಮ ಮುಚ್ಚಳ ತಣ್ಣಗೆ ಬಾಯಿಮುಚ್ಚಿ ಕೂತಿದೆ. ಮಗಳು ಅತ್ತೆಯವರ ಮಡಿಲಲ್ಲಿ ಗಾಢ ನಿದ್ದೆಯಲ್ಲಿದ್ದಾಳೆ.

"ಪಾತ್ರೆ ಎಲ್ಲಿ ಮಲಗಿಸುತ್ತೆ ಹುಚ್ಚಿ," ಎಂದರು ಅತ್ತೆ ಪಿಸುದನಿಯಲ್ಲಿ. "ಸ್ಟ್ಯೂ ಇಟ್ಟಾಗ ಮಾತ್ರ ನೀನು ಒಂದು ಕಡೆ ಕೂರ್ತಿದ್ದೆ. ಉಳಿದ ಹೊತ್ತು ಅವಳನ್ನ ಎತ್ಕೊಂಡು ಗಿರಗಿರ ತಿರುಗ್ತಿದ್ರೆ ಅದಕ್ಕೆ ನಿದ್ದೆ ಹೆಂಗೆ ಹತ್ತಬೇಕು?"

ಮಾನ್ಯರೇ, ತನ್ನ ಕೋಳಿ ಕೂಗಿದ್ದರಿಂದಲೇ ಬೆಳಗಾಯಿತು ಎಂದ ಮುದುಕಿಯ ಕಥೆ ಕೇಳಿ ನಕ್ಕವಳು ನಾನು. ನನ್ನ ಕೋಳಿ ಕೂಗಲೂ ಇಲ್ಲ, ತಮ್ಮ ಹೊಟ್ಟೆಯಲ್ಲಿ ಸುಮ್ಮನೆ ಬೇಯುತ್ತಿತ್ತು. ಹನ್ನೊಂದು ದಿನ ನನ್ನ ಮಡಿಲಿಗೆ ಸಲ್ಲಬೇಕಾದ ಹೊಗಳಿಕೆಯನ್ನು ಹೊಟ್ಟೆಗೆ ಹಾಕಿಕೊಂಡು, ಒಮ್ಮೆಯಾದರೂ ಮುಚ್ಚಳ ತೆರೆದು ನಿಜ ಹೇಳದ ತಮ್ಮ ಗಾಂಭೀರ್ಯಕ್ಕೆ ಏನೆನ್ನಲಿ? ದಯವಿಟ್ಟು ಆ ಕೀರ್ತಿಯನ್ನು, ಸಾಧ್ಯವಾದರೆ ಆ ಕಾಲುಚೀಲದ ಬಣ್ಣವನ್ನೂ, ಹಿಂತಿರುಗಿಸಿ.

ಸೋಮವಾರ ನಿಶ್ಚಿಂತೆಯಿಂದ ಕೆಲಸಕ್ಕೆ ಹೊರಡಲಿರುವ,
ತಮ್ಮ ವಿಶ್ವಾಸಿ,
ಸ್ಟೂಲಿನ ಮೇಲಿನ ತಾಯಿ

ಮರೆತ ಮಾತು: ತಮ್ಮನ್ನು ಅಟ್ಟಕ್ಕೆ ಹಾಕುತ್ತೇನೆಂದು ಮಾವ ಹಿಗ್ಗುತ್ತಿದ್ದಾರೆ, ಹಿಗ್ಗಬೇಡಿ ಎಂದು ತಾವೇ ತಿಳಿಸಿ. ಭಾನುವಾರ ಮಧ್ಯಾಹ್ನ ಮಗು ಅತ್ತೆಯವರ ಮಡಿಲಲ್ಲಿರುತ್ತದೆ, ತಾವು ಒಲೆಯ ಮೇಲಿರುತ್ತೀರಿ. ತಮ್ಮ ಆ ಟಪ್ ಟಪ್ ಸದ್ದಿಗೆ ಹನ್ನೊಂದು ದಿನವೂ ಸ್ಟೂಲಿನಲ್ಲೇ ಗೋಡೆಗೊರಗಿ ನಿದ್ದೆ ಹೋದವಳು ಇನ್ನೊಬ್ಬಳಿದ್ದಳು. ಅವಳಿಗೆ ಇನ್ನೂ ಬೇರೆ ಜೋಗುಳ ಸಿಕ್ಕಿಲ್ಲ.