ದೊಡ್ಡಮ್ಮನ ರೈಲು ಮತ್ತು ಕ್ರ್ಯಾಂಕ್ ಸೆನ್ಸರ್

ಕನ್ನಡಕದಂಗಡಿಯವನು ತನ್ನ ದೊಡ್ಡಮ್ಮನನ್ನು ಮಧ್ಯಾಹ್ನದ ರೈಲಿಗೆ ಹತ್ತಿಸಬೇಕಾದ ದಿನವೇ ಅವನ ಕಾರು ಮುಷ್ಕರ ಹೂಡಿತು. ಹಳೇ ಕಾರಿಗೆ ಯಾವುದೋ ಕಂಪನಿಯ ಹೊಸ ಇಗ್ನಿಷನ್ ಪೆಟ್ಟಿಗೆಯನ್ನು, ಅದರ ಸೆನ್ಸರ್ ಸಮೇತ, ಹಿಂದಿನ ದಿನವಷ್ಟೇ ಅವನು ತಾನೇ ಕೂರಿಸಿದ್ದ. ಈಗ ಕೀಲಿ ತಿರುಗಿಸಿದರೆ ಇಂಜಿನ್ನು ನೆಗಡಿಯಾದವರಂತೆ ಕೆಮ್ಮುತ್ತಿತ್ತೇ ಹೊರತು ಸ್ಟಾರ್ಟ್ ಆಗುತ್ತಿರಲಿಲ್ಲ.

"ಆಟೋ ಕರೀಲಾ?" ಹೆಂಡತಿ ಕಿಟಕಿಯಿಂದ ಪಿಸುಗುಟ್ಟಿದಳು.

ದೊಡ್ಡಮ್ಮನ ಕಿವಿ ಚುರುಕು. "ಮನೇಲಿ ಕಾರಿಟ್ಕೊಂಡು ನನ್ನ ಬಾಡಿಗೆ ಗಾಡೀಲಿ ಕಳಿಸ್ತೀರಾ? ಹಾಗಾದ್ರೆ ನಾನು ಹೋಗೋದೇ ಇಲ್ಲ."

ಅವನು ಲಗುಬಗೆಯಿಂದ ಬಾನೆಟ್ಟು ಎತ್ತಿದ. ವಾರಕ್ಕೆಂದು ಬಂದ ದೊಡ್ಡಮ್ಮ ಎರಡು ತಿಂಗಳಿಂದ ಅಲ್ಲಾಡಿರಲಿಲ್ಲ. ಅಡುಗೆಮನೆಯ ಡಬ್ಬಗಳೆಲ್ಲ ಜಾಗ ಬದಲಿಸಿದ್ದವು. ಅಂಗಡಿಗೂ ಬಂದು ಕೂತು, "ಈ ಫ್ರೇಮು ನಿಮ್ಮ ಮೂಗಿಗೆ ಒಪ್ಪಲ್ಲ, ಬೇರೆ ಅಂಗಡಿ ನೋಡಿ" ಎಂದು ಗಿರಾಕಿಗಳನ್ನು ಸಾಗಹಾಕುತ್ತಿದ್ದರು.

ಪಕ್ಕದ ಮನೆಯ ರೇಡಿಯೋ ರಿಪೇರಿಯವನು ಕರೆಯದೆಯೇ ಮೀಟರು ಹಿಡಿದು ಬಂದ. ತಂತಿಗಳನ್ನು ಮುಟ್ಟಿ ನೋಡಿ, "ಕ್ರ್ಯಾಂಕ್ ಸೆನ್ಸರಿಂದ ಸಿಗ್ನಲ್ಲೇ ಬರ್ತಿಲ್ಲ" ಎಂದ. "ಇಲ್ಲೊಂದು ಹಲ್ಲಿನ ಚಕ್ರ ಇದೆ ನೋಡಿ, ಅದು ತಿರುಗೋದನ್ನ ನೋಡೋ ಕಣ್ಣು ಇದು. ಇದು ಹೇಳಿದ್ರೇನೇ ಪೆಟ್ಟಿಗೆ ಕಿಡಿ ಹಾರಿಸೋದು."

"ಕನ್ನಡಕದಂಗಡಿಯವರ ಕಾರಿಗೇ ದೃಷ್ಟಿದೋಷ ಅನ್ನಿ," ಎಂದು ಎದುರುಮನೆಯ ದರ್ಜಿ ಹಲ್ಲು ಕಿರಿದ. ಅಂಗಡಿ ಬಾಗಿಲು ಹಾಕಿಕೊಂಡೇ ಬಂದಿದ್ದ.

ಸೆನ್ಸರು ಚಕ್ರದಿಂದ ತುಸು ದೂರ ಕೂತಿತ್ತು. ಕನ್ನಡಕದಂಗಡಿಯವನು ಕಾರಿನಡಿ ತೂರಿ, ಬೋಲ್ಟು ಸಡಿಲಿಸಿ, ಬೆವರು ಕಣ್ಣಿಗಿಳಿಯುತ್ತಿದ್ದಂತೆಯೇ ಅದನ್ನು ಹತ್ತಿರ ಸರಿಸಿದ. ಮತ್ತೆ ಕೀಲಿ ತಿರುಗಿಸಿದಾಗ ಮೀಟರಿನ ಮುಳ್ಳು ಅಲುಗಿತು. ಅದರ ಬೆನ್ನಿಗೇ ಸೈಲೆನ್ಸರ್ ಢಮ್ ಎಂದಿತು. ಹಿಂದೆ ಬಗ್ಗಿ ಪರೀಕ್ಷಿಸುತ್ತಿದ್ದ ದರ್ಜಿ ಮಸಿ ಬಳಿದ ಬಾಣಲೆಯಂತೆ ಎದ್ದು ನಿಂತ.

"ನಾನು ಊಹಿಸಿದ್ದೆ," ಎಂದ ರೇಡಿಯೋದವನು. "ಸೆನ್ಸರಿನ ಎರಡು ತಂತಿ ಅದಲುಬದಲಾಗಿವೆ. ಕಿಡಿ ಹೊತ್ತಲ್ಲದ ಹೊತ್ತಲ್ಲಿ ಹಾರ್ತಿದೆ."

"ಊಹಿಸಿದ್ರೆ ಮೊದಲೇ ಹೇಳಬಾರದಿತ್ತಾ?" ದರ್ಜಿ ಮುಖ ಒರೆಸಿಕೊಂಡ.

ಕನ್ನಡಕದಂಗಡಿಯವನು ತಂತಿ ಬದಲಿಸಿ ಕೀಲಿ ತಿರುಗಿಸಿದ್ದೇ ತಡ, ಇಂಜಿನ್ನು ಹಾಲು ಕುಡಿದ ಬೆಕ್ಕಿನಂತೆ ಗುರುಗುಟ್ಟಿತು. ರೈಲಿಗೆ ಇನ್ನೂ ಹೊತ್ತಿತ್ತು. ಇಂಜಿನ್ ನಿಲ್ಲಿಸಲು ಧೈರ್ಯ ಸಾಲದೆ, ಹಾಗೇ ಬಿಟ್ಟು ಟ್ರಂಕು ತರಲು ಒಳಗೆ ಓಡಿದ.

ಟ್ರಂಕು ಖಾಲಿ ಬಿದ್ದಿತ್ತು. ದೊಡ್ಡಮ್ಮ ಸೀರೆಗಳನ್ನು ಬೀರುವಿಗೆ ಜೋಡಿಸುತ್ತಿದ್ದರು.

"ದೊಡ್ಡಮ್ಮ, ಕಾರು ರೆಡಿ. ಹೊರಡೋಣ."

"ನೀನು ಹೊರಡಪ್ಪ. ಕಾರು ಕೈಕೊಡ್ತು, ನಾನು ಬರೋಕಾಗಲ್ಲ, ನೀವೇ ಬಂದ್ಬಿಡಿ ಅಂತ ಬೆಳಿಗ್ಗೇನೇ ನಿಮ್ಮ ದೊಡ್ಡಪ್ಪನಿಗೆ ಫೋನ್ ಮಾಡಿದೆ. ರಿಟೈರಾಗಿ ಮನೇಲಿ ಸುಮ್ನೆ ಕೂತಿದಾರೆ ಪಾಪ. ಈಗ ರೈಲಲ್ಲಿದಾರಂತೆ, ಹೋಗಿ ಕರ್ಕೊಂಡ್ಬಾ. ಸಾಮಾನು ಜಾಸ್ತಿ ಇದೆಯಂತೆ."

ಕಾರು ದಾರಿಯಲ್ಲಿ ಒಂದು ಸಲವೂ ಕೆಮ್ಮದೆ, ರೈಲಿಗಿಂತ ಮೊದಲೇ ಅವನನ್ನು ಸ್ಟೇಷನ್ನಿಗೆ ಮುಟ್ಟಿಸಿತು.