ಬ್ರೆಜಿಲ್ ಮ್ಯಾನೇಜರರ ಭಾನುವಾರದ ಸಿಟ್ಟು

ನಮ್ಮ ಮ್ಯಾನೇಜರ್ ಸಿಟ್ಟಾಗದ ಭಾನುವಾರ ಇನ್ನೂ ಬಂದಿಲ್ಲ, ಬರುವ ಲಕ್ಷಣವೂ ಇಲ್ಲ. ಅವರು ಬ್ರೆಜಿಲಿನವರು. ಅಲ್ಲಿನ ಕ್ಲಬ್ಬುಗಳಲ್ಲಿ ಹತ್ತು ವರ್ಷ ಫುಟ್‌ಬಾಲ್ ಆಡಿ, ಮೊಣಕಾಲು ಕೈಕೊಟ್ಟ ಮೇಲೆ ನ್ಯೂಜೆರ್ಸಿಗೆ ಬಂದವರು. ಅವರ ಹಣೆಬರಹಕ್ಕೆ ಸಿಕ್ಕಿದ್ದು ನಮ್ಮ ತಂಡ: ವುಡ್‌ಬ್ರಿಡ್ಜ್ ಸುತ್ತಮುತ್ತಲಿನ, ನಲವತ್ತು ದಾಟಿದ ಕನ್ನಡಿಗರು. ನಾನು ಗೋಲ್‌ಕೀಪರ್. ಓಡಲಾಗದವನು ಅಂತ ಅಲ್ಲಿ ನಿಲ್ಲಿಸಿದ್ದಾರೆ. ಬೈಗುಳದ ದೊಡ್ಡ ಪಾಲೂ ನನಗೇ.

ಎಲ್ಲರೂ ಮ್ಯಾನೇಜರೇ

ಮೊದಲ ದಿನ ನಮ್ಮನ್ನು ಸಾಲಾಗಿ ನಿಲ್ಲಿಸಿ, ತಮ್ಮ ಹರಕುಮುರುಕು ಇಂಗ್ಲಿಷಿನಲ್ಲಿ, "ನನ್ನನ್ನು ಕೋಚ್ ಅನ್ನಬೇಡಿ. ನಾನು ಮ್ಯಾನೇಜರ್. ಯಾರು ಎಲ್ಲಿ ಆಡಬೇಕು ಅಂತ ನಾನೇ ಹೇಳೋದು," ಅಂದರು.

ಜರ್ಸಿ ಸಿಟಿಯ ಬ್ಯಾಂಕಿನಲ್ಲಿರುವ ನಮ್ಮ ಸ್ಟ್ರೈಕರ್ ಕೈಯೆತ್ತಿದ. "ನಾನೂ ಮ್ಯಾನೇಜರೇ. ಒಂದು ಮೀಟಿಂಗ್ ಕರೆದು ಡಿಸ್ಕಸ್ ಮಾಡೋಣ."

ಅವನ ಪಕ್ಕದವನೂ ಮ್ಯಾನೇಜರ್. ಅವನಾಚೆಯವನು ಸೀನಿಯರ್ ಮ್ಯಾನೇಜರ್. ಬ್ರೆಜಿಲಿನವರ ಕಿವಿ ಕೆಂಪಾಯಿತು. ಚೆಂಡನ್ನು ನೆಲಕ್ಕೆ ಅಪ್ಪಳಿಸಿ ಕಿರುಚಿದರು: "ಇಲ್ಲಿ ಕೆಲಸ ಮಾಡೋರು ಯಾರಾದ್ರೂ ಇದ್ದೀರೇನ್ರಯ್ಯಾ?"

ಒಬ್ಬರೂ ಕೈಯೆತ್ತಲಿಲ್ಲ.

ಹಾಫ್‌ಟೈಮ್

ಹಾಫ್‌ಟೈಮಿನಲ್ಲಿ ಕಿತ್ತಳೆ ಹೋಳು ಬಿಟ್ಟು ಬೇರೇನೂ ಮುಟ್ಟಕೂಡದು ಅಂತ ಅವರ ಕಟ್ಟಪ್ಪಣೆ. ಒಂದು ಭಾನುವಾರ ನಮ್ಮ ರೈಟ್ ಬ್ಯಾಕ್‌ನ ತಾಯಿ, ಧಾರವಾಡದಿಂದ ಬಂದಿದ್ದವರು, ರೊಟ್ಟಿ, ಎಣ್ಣೆಗಾಯಿ, ಮೊಸರನ್ನದ ಬುತ್ತಿ ತಂದು ಹುಲ್ಲಿನ ಮೇಲೆ ಹರಡಿದರು. ನಾವು ಕೂತೇ ಬಿಟ್ಟೆವು.

"ಆಟದ ಮಧ್ಯೆ ಊಟವೇ? ಏಳಿ ಮೇಲೆ!" ಅಂತ ಮ್ಯಾನೇಜರ್ ಓಡಿ ಬಂದರು.

ಆ ತಾಯಿ ಸೌಟು ಎತ್ತಿದರು. "ಏ ತಮ್ಮಾ, ಉಣ್ಣಾಕ ಕುಂತವರನ್ನ ಎಬ್ಬಸ್ತಾರೇನು? ಬಾ, ನೀನೂ ಕುಂದರು."

ಒಂದಕ್ಷರ ಅರ್ಥವಾಗದಿದ್ದರೂ ಮನುಷ್ಯ ಕೂತರು. ಎರಡು ಸಲ ಬಡಿಸಿಕೊಂಡರು.

ಆಟ ಮತ್ತೆ ಶುರುವಾದರೂ ಬೈಗುಳವೇ ಕೇಳಿಸಲಿಲ್ಲ. ನನಗೆ ಗಾಬರಿಯಾಗಿ ತಿರುಗಿ ನೋಡಿದೆ. ಮಡಚುವ ಕುರ್ಚಿಯಲ್ಲಿ ಮ್ಯಾನೇಜರ್ ಬಾಯಿ ತೆರೆದು ಗೊರಕೆ ಹೊಡೆಯುತ್ತಿದ್ದರು. ನಾನು ಅದನ್ನು ನೋಡುತ್ತಿದ್ದಾಗಲೇ ನಮಗೆ ಗೋಲು ಬಿತ್ತು. ಆ ಗದ್ದಲಕ್ಕೆ ಎಚ್ಚೆತ್ತವರು ನನ್ನತ್ತ ಬೆರಳು ತೋರಿಸಿ ಕೂಗಿದರು: "ನಿದ್ದೆ ಮಾಡ್ತಿದ್ದೀಯೇನೋ?"

ಯಾವ ಭಾಷೆ?

ನಮ್ಮನೆ ಪಾರ್ಟಿಯಲ್ಲಿ ಮೈಸೂರಿನ ಅಂಕಲ್ ಒಬ್ಬರು ಮ್ಯಾನೇಜರರನ್ನು ಕೇಳಿದರು: "ಬ್ರೆಜಿಲ್ ಅಂದ್ರೆ ನಿಮ್ಮದು ಸ್ಪ್ಯಾನಿಷ್ ಅಲ್ವಾ?"

"ಪೋರ್ಚುಗೀಸ್!" ಅಂತ ಅವರು ಮೇಜು ಗುದ್ದಿದರು. "ನಿಮ್ಮದು ಹಿಂದಿ ತಾನೇ?"

ಅಂಕಲ್ ಎರಡೂ ಕೈಯಲ್ಲಿ ಗುದ್ದಿದರು. "ಕನ್ನಡ ಕಣಯ್ಯಾ! ಕನ್ನಡ!"

ಇಬ್ಬರೂ ಹತ್ತು ನಿಮಿಷ ಒಂದೇ ಮಾತನ್ನು ಎರಡು ಭಾಷೆಗಾಗಿ ಕೂಗಾಡಿದರು. ಪಕ್ಕದ ಮನೆಯ ಅಮೆರಿಕನ್ ಸಮಾಧಾನ ಮಾಡಲು ಹೋದ: "ಬಿಡಿ, ಸ್ಪ್ಯಾನಿಷ್ ಪೋರ್ಚುಗೀಸ್, ಹಿಂದಿ ಕನ್ನಡ, ಎರಡೂ ಹೆಚ್ಚುಕಮ್ಮಿ ಒಂದೇ ಅಲ್ವಾ?"

ಪಾಪ, ಆತ ಪಾಯಸ ತಿನ್ನದೆ ಮನೆಗೆ ಹೋದ.

ಕೊನೆಯ ಪಂದ್ಯ

ಆ ಪಂದ್ಯ ಸೋತರೆ ನಾವು ಕೆಳಗಿನ ಡಿವಿಷನ್‌ಗೆ. "ಸೋತರೆ ನಾನೂ ಬಿಟ್ಟು ಹೋಗ್ತೀನಿ," ಅಂತ ಮ್ಯಾನೇಜರ್ ಹೇಳಿಯೂ ಆಗಿತ್ತು. ಜೊತೆಗೆ, ಇನ್ನೊಮ್ಮೆ ರೆಫರಿಯನ್ನು ಬೈದರೆ ಮೈದಾನದಿಂದ ಹೊರಗೆ ಹಾಕುತ್ತೇವೆ ಅಂತ ಲೀಗಿನವರ ಎಚ್ಚರಿಕೆ. ಹೋಗುವಾಗ ಕಾರಿನಲ್ಲಿ ನಾನೇ ಉಪಾಯ ಹೇಳಿದೆ: "ಕನ್ನಡದಲ್ಲಿ ಬೈಯಿರಿ. ಯಾರಿಗೆ ತಿಳಿಯುತ್ತೆ?" ಒಂದು ವಾಕ್ಯ ಕಲಿಸಿದೆ. ಪಂದ್ಯವಿದ್ದ ಸೀಕಾಕಸ್ ಊರು ಬರುವಷ್ಟರಲ್ಲಿ ಬಾಯಿಪಾಠ ಮಾಡಿದರು.

ಗೆದ್ದೆವು, ಅವರೂ ಉಳಿದರು. ಆದರೆ ಕೊನೆಯ ಹತ್ತು ನಿಮಿಷ ಅವರು ಕಳೆದದ್ದು ಪಾರ್ಕಿಂಗ್ ಲಾಟಿನಲ್ಲಿ.

ಆದದ್ದಿಷ್ಟು. ಕಪ್ಪು ಕನ್ನಡಕದ ರೆಫರಿ ಅಪ್ಪಟ ಅಮೆರಿಕನ್ ಇಂಗ್ಲಿಷ್ ಮಾತಾಡುತ್ತಿದ್ದ. ಎದುರಿನವನು ನಮ್ಮ ಸ್ಟ್ರೈಕರನ್ನು ಕಾಲು ಕೊಟ್ಟು ಬೀಳಿಸಿದರೂ ಪೆನಾಲ್ಟಿ ಕೊಡಲಿಲ್ಲ. ನನಗೇ ಮೈಯೆಲ್ಲ ಉರಿಯಿತು, ಇನ್ನು ಅವರು ಕೇಳಬೇಕೇ? ಮುಖ ಮುಖಕ್ಕೆ ಹೋಗಿ, ನಾನು ಕಲಿಸಿದ ವಾಕ್ಯ ಗರ್ಜಿಸಿದರು: "ನಿನಗೆ ಕಣ್ಣು ಕಾಣಲ್ವೇನೋ?"

ರೆಫರಿ ಕನ್ನಡಕ ತೆಗೆದ. ಜೇಬಿನಿಂದ ಕಾರ್ಡ್ ತೆಗೆದು ಎತ್ತಿ ಹಿಡಿದು, ಕನ್ನಡದಲ್ಲೇ ಕೇಳಿದ:

"ಚೆನ್ನಾಗೇ ಕಾಣತ್ತೆ ಸಾರ್. ಇದು ಕೆಂಪು ತಾನೇ?"